ರಸ್ತೆಗೆ ತೆರೆದ ಪ್ರಯೋಗಶಾಲೆ

ಪಟಮಟ, ವಿಜಯವಾಡ
ಜೂನ್ ೧೯೮೯

ಶಾಲಾ ಸಮಿತಿಯ ಕಾರ್ಯದರ್ಶಿ ರಮಾಕಾಂತ ಅವರಿಗೆ ನಮಸ್ಕಾರ.

ನೀವೂ ನಮ್ಮ ಕಡೆಯವರೆಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಜನವರಿಯ ಸಭೆಯಲ್ಲಿ ಪೋಷಕರೆಲ್ಲ ಪ್ರಯೋಗಶಾಲೆಯ ಬಜೆಟ್ಟಿಗೆ ಕೈಯೆತ್ತಿದೆವು. ನಾನು ನಕ್ಷೆ ಕೇಳಿದ್ದಕ್ಕೆ, “ಟ್ರಾನ್ಸ್‌ಫರ್ ಆಗಿ ಹೋಗೋರು, ನಿಮಗ್ಯಾಕಮ್ಮಾ ಇದೆಲ್ಲ?” ಎಂದು ನಕ್ಕಿರಿ.

ನಿನ್ನೆ ಕಟ್ಟಡ ನೋಡಿ ಬಂದೆ. ಶಾಲೆಯ ಅಂಗಳದ ಕಡೆ ಬಾಗಿಲೇ ಇಲ್ಲ, ರಸ್ತೆಯ ಕಡೆ ಶಟರ್ ಇದೆ. ಒಳಗೆ ನಿಮ್ಮ ಭಾವಮೈದುನ ಬಡಗಿಯಿಂದ ಕೌಂಟರಿಗೆ ಅಳತೆ ಹಿಡಿಸುತ್ತಿದ್ದರು. “ಏಮ್ಮಾ, ಏಂ ಕಾವಾಲಿ?” ಎಂದು, ಗಿರಾಕಿಗೆ ಏನು ಬೇಕೆಂದು ಕೇಳುವಂತೆ ನನ್ನನ್ನು ಕೇಳಿದರು.

ದಯವಿಟ್ಟು ಮುಂದಿನ ಸಭೆಯನ್ನು ಆ ಕೋಣೆಯಲ್ಲೇ ಕರೆಯಿರಿ. ಕೋಟೇಶ್ವರಮ್ಮನವರೂ ಉಳಿದ ತಾಯಂದಿರೂ ಬರುತ್ತಾರೆ. ಶಟರಿಗೆ ಬೆಳಿಗ್ಗೆಯೇ ನಾವೆಲ್ಲ ಸೇರಿ ಬೀಗ ಹಾಕಿದ್ದೇವೆ. ಬೀಗದ ಕೈ ಹೆಡ್‌ಮಿಸ್ಟ್ರೆಸ್ ಹತ್ತಿರ ಇದೆ.

ಇತಿ,
ಸುಮಿತ್ರಾ ದಿನಕರ
(ಆರನೇ ತರಗತಿಯ ವೀಣಾಳ ತಾಯಿ)