ಹಾಸುಬಯಲಿನವರಿಗೆ, ಭಾನುವಾರದ ಸಭೆಗೆ ಮೊದಲು

ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ಎಪ್ಪತ್ತನಾಲ್ಕು
ಹಿರೇಬಾವಿ, ಪಡುಗೋಪುರ, ಹತ್ತೊಂಬತ್ತನೇ ಮಹಡಿ

ಸಾಲಿಮಗ್ಗದ ಓಣಿಯ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡುತ್ತೇವೆಂದು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಅದರಿಂದ ಯಾರಿಗೆ ಏನು ಲಾಭವಾಯಿತೋ ನನಗಂತೂ ತಿಳಿದಿಲ್ಲ. ನನ್ನ ಮಾತು ಅಲ್ಲಲ್ಲಿ ನಿಮಗೆ ಅನ್ನದಲ್ಲಿ ಸಿಕ್ಕ ಕಲ್ಲಿನಂತೆ ಕಚ್ಚಬಹುದು, ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಅಜ್ಜಿಯಿಂದ ಕಲಿತೆ. ಅವಳು ಹೋದ ಮೇಲೆ ಅದನ್ನು ಆಡಲು ಯಾರೂ ಸಿಕ್ಕಿಲ್ಲ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ನಾವು ಹುಟ್ಟುವ ಮೊದಲೇ ತೀರಿಕೊಂಡವರಿಗೆ ಮಾತ್ರ ಬರೆಯಬಹುದು, ಉತ್ತರ ಬರುವ ದಾರಿಯಿಲ್ಲ. ಹೆಚ್ಚಿನವರು ಇದನ್ನು ಯಾವನೋ ಮುತ್ತಜ್ಜನಿಗೆ ಮೂಲೆ ಸೈಟು ಮಾರಬೇಡವೋ ಎಂದು ಬೈದು ಮುಗಿಸುತ್ತಾರೆ. ಮುತ್ತಜ್ಜಂದಿರು ನಂಬುವುದಿಲ್ಲ, ಹಾಗಾಗಿ ಲೋಕ ಇದ್ದಲ್ಲೇ ಇದೆ. ನನ್ನ ಪಾಲಿನ ಒಂದೇ ಓಲೆಯನ್ನು ನಾನು ನಿಮಗೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕಿ.

ನನ್ನ ಹೆಸರು ಐಹಿಕಾ. ನಿಮ್ಮ ಓಣಿಯ ಶಾಕವ್ವ ಗುಳೇದ ನನ್ನ ಅಜ್ಜಿಯ ಮುತ್ತಜ್ಜಿ. ಬರುವ ಭಾನುವಾರ ನೀವೆಲ್ಲ ನಿಮ್ಮ ಹಾಸುಬಯಲಿನಲ್ಲಿ ಜಮಖಾನೆ ಹಾಸಿ ಕೂರುತ್ತೀರಿ. ಬಯಲನ್ನು ಕಟ್ಟಡದವರಿಗೆ ಬಿಟ್ಟುಕೊಟ್ಟರೆ ಪ್ರತಿ ಮನೆಗೂ ಮೇಲೊಂದು ಹೊಸ ಮನೆ, ಕೆಳಗೆ ಅಂಗಡಿ ಸಾಲು ಎಂದು ಅವರು ಹೇಳಿದ್ದಾರೆ. ಅದು ಮೋಸದ ಮಾತಲ್ಲ. ನಿಮಗೆ ಮುಂದಿರುವುದು ನನಗೆ ಆಗಿಹೋದ ಕಥೆ, ಹೇಳಿದ್ದೆಲ್ಲ ಕೊಟ್ಟರು. ನಿಮ್ಮ ಸೂರುಗಳು ಸೋರುತ್ತಿದ್ದವು, ನೀರಿಗೆ ಕೊಡ ಹೊತ್ತು ಸಾಲು ನಿಲ್ಲುತ್ತಿದ್ದಿರಿ ಎಂಬುದು ನನಗೆ ಗೊತ್ತು. ಶಾಕವ್ವ ಸಭೆಯಲ್ಲಿ ಆಡಿದ ಮಾತು ನಮ್ಮ ಮನೆಯಲ್ಲಿ ತಲೆಮಾರುಗಟ್ಟಲೆ ನಗೆಯ ಮಾತಾಗಿ ಉಳಿದಿದೆ: "ಮನಿಯಾಗ ನಳ ಬರತದಂದ್ರ ನಾ ಒಂದಲ್ಲ, ಎರಡೂ ಕೈ ಎತ್ತತೇನಿ ನೋಡ್ರಿ." ಆ ನಳದ ನೀರನ್ನೇ ನಾನು ಇವತ್ತಿಗೂ ಕುಡಿಯುತ್ತೇನೆ. ಆದ್ದರಿಂದ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತೇನೆ.

ಮೊದಲು ಇಲ್ಲಿಯ ಬದುಕು ಹೇಗಿದೆ ಕೇಳಿ. ಹಸಿವಿಲ್ಲ, ಸೋರುವ ಸೂರಿಲ್ಲ. ಬಿಸಿಲುಪಾಳಿ ಎಂದೊಂದಿದೆ. ತಾರಸಿಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗಾಜಿನ ಗೂಡು, ಸರದಿ ಬಂದಾಗ ಹೋಗಿ ಬಿಸಿಲು ಕಾಯಿಸಿಕೊಂಡು ಇಳಿಯಬೇಕು. ಪಕ್ಕದ ಗೂಡಿನ ಹೆಂಗಸನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಮೊಣಕಾಲು ಒತ್ತಿಕೊಳ್ಳುತ್ತಾಳೆ, ಪಾಪ, ನೋವಿರಬೇಕು. ಅವಳ ಹೆಸರು ನನಗೆ ತಿಳಿಯದು. ಯಾರನ್ನಾದರೂ ಕಾಣಬೇಕೆಂದರೆ ಭೇಟಿಕೋಣೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಕಾರಣ ತಿಳಿಸಬೇಕು. ಒಮ್ಮೆ ನಾನು ಕಾರಣ ಕೇಳಿದ ಯಂತ್ರಕ್ಕೆ ಸುಮ್ಮನೆ ಎಂದು ಹೇಳಿದೆ. ಅದು ಮತ್ತೆ ಕೇಳಿತು. ಮತ್ತೂ ಅದನ್ನೇ ಹೇಳಿದಾಗ ಆರೋಗ್ಯ ವಿಚಾರಿಸಲು ಒಬ್ಬ ಹುಡುಗಿಯನ್ನು ಕಳಿಸಿದರು. ಆಕೆ ಬಂದದ್ದೇ ನನಗೆ ಎಷ್ಟು ಹಿತವಾಯಿತೆಂದರೆ, ಇಲ್ಲದ ತಲೆನೋವನ್ನು ಹೇಳಿಕೊಂಡು ಅವಳನ್ನು ಇನ್ನಷ್ಟು ಹೊತ್ತು ಕೂರಿಸಿಕೊಂಡೆ.

ನಿಮ್ಮ ಬಯಲಿನ ಕಥೆ ಅಜ್ಜಿ ಹೇಳುತ್ತಿದ್ದಳು. ಬೆಳಗಿನ ತಂಪಿನಲ್ಲಿ ಒಬ್ಬರ ಮನೆಯ ಹಾಸನ್ನು, ಎಂದರೆ ಸೀರೆಯ ಉದ್ದದೆಳೆಗಳನ್ನೆಲ್ಲ, ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಬಿದಿರುಗಳ ಮೇಲೆ ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದಿರಂತೆ. ಒಂದು ಮನೆಯ ಕೈ ಸಾಲದು, ಓಣಿಯೇ ಎರಡೂ ಬದಿ ನಿಲ್ಲಬೇಕು. ಹಾಸಿನ ಪಕ್ಕ ಹಾದುಹೋಗುವವರು ಹರಿದ ಎಳೆ ಕಂಡರೆ ಗಂಟು ಹಾಕದೆ ಮುಂದೆ ಹೋಗುವಂತಿಲ್ಲ ಎಂಬುದು ನಿಮ್ಮ ಪದ್ಧತಿ. ಶಾಲೆಗೆ ತಡವಾದ ಮಾಸ್ತರು, ತರಕಾರಿ ಮಾರುವವಳು, ಹಾಸಿನ ಒಡೆಯನೊಂದಿಗೆ ಮಾತು ಬಿಟ್ಟವನು, ಎಲ್ಲರೂ ನಿಲ್ಲಲೇಬೇಕು. ಮಾತು ಬಿಟ್ಟವನು ಮುಖ ಊದಿಸಿಕೊಂಡೇ ಗಂಟು ಹಾಕಿ, ಕೊಟ್ಟ ಚಹಾವನ್ನು ಮುಖ ಊದಿಸಿಕೊಂಡೇ ಕುಡಿದು ಹೋಗುತ್ತಿದ್ದನಂತೆ. ಇದನ್ನು ಕೇಳುವಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನೊಂದಿಗೆ ಮಾತು ಬಿಡುವಷ್ಟು ಹತ್ತಿರದವರೂ ಇಲ್ಲಿ ಯಾರೂ ಇಲ್ಲ.

ಈಗ ನೀವು ಮಾಡಲಿರುವ ತಪ್ಪನ್ನು ಹೇಳಿಬಿಡುತ್ತೇನೆ. ನೀವು ಬಯಲನ್ನು ಪೂರ್ತಿ ಕೊಡಲಿಲ್ಲ, ಅಷ್ಟು ದಡ್ಡರಲ್ಲ. ನಿಮ್ಮ ಸಂಘದ ಹಿರಿಯ ಅಂದಾನೆಪ್ಪನವರು ಎದ್ದು ನಿಂತು ಎಲ್ಲರಿಗೂ ಒಪ್ಪಿಗೆಯಾಗುವ ಮಾತು ಆಡುತ್ತಾರೆ: "ಹಾಸು ಕಟ್ಟಾಕ ಎಷ್ಟ ಬೇಕೋ ಅಷ್ಟ ಇಟ್ಕೊಳ್ಳೂಣು, ಉಳದದ್ದು ಕೊಟ್ಟಬಿಡೂಣು. ಮಗ್ಗಾನೂ ಉಳೀತಾವು, ಮನೀನೂ ಸಿಗತಾವು." ನೀವು ನೇಕಾರರು, ಅಳತೆ ನಿಮಗೆ ಹುಟ್ಟಿನಿಂದ ಬಂದದ್ದು. ಒಂದು ಹಾಸನ್ನು ನೆಲದ ಮೇಲೆ ಎಳೆದು ಕಟ್ಟಿ, ಎರಡೂ ಬದಿಗೆ ಜನ ನಿಲ್ಲುವಷ್ಟು ಜಾಗ ಬಿಟ್ಟು, ಸುಣ್ಣದ ಗೆರೆ ಹಾಕಿದಿರಿ. ಉದ್ದ ಸರಿಯಿತ್ತು, ಅಗಲ ಸರಿಯಿತ್ತು. ಗೆರೆಯ ಆಚೀಚೆ ಗೋಪುರಗಳೆದ್ದವು. ನಡುವೆ ಉಳಿದ ಪಟ್ಟಿಗೆ ಬಿಸಿಲು ಬೀಳಲಿಲ್ಲ, ಗಾಳಿ ಆಡಲಿಲ್ಲ. ಗಂಜಿ ಹಚ್ಚಿದ ಎಳೆ ಮಧ್ಯಾಹ್ನವಾದರೂ ಆರದೆ ಹುಳಿವಾಸನೆ ಹೊಡೆಯಿತು, ಬೂಸಲು ಹಿಡಿಯಿತು. ನೆಲವನ್ನು ಅಳೆದಿರಿ, ಅದರ ಮೇಲಿನ ಆಕಾಶವನ್ನು ಅಳೆಯುವುದು ಮರೆತಿರಿ. ಆಮೇಲೆ ಹಾಸು ತರುವವರು ಕಡಿಮೆಯಾದರು, ನಿಂತೇಹೋದರು. ಮಕ್ಕಳು ಚೆಂಡಾಡಿದರೆ ಕಿಟಕಿ ಒಡೆಯುತ್ತದೆಂದು ಅವರನ್ನೂ ಓಡಿಸಿದರು. ಕೊನೆಗೆ ಅದಕ್ಕೆ ಯಾರೂ ಬಳಸದ ಜಾಗ ಎಂಬ ಹೆಸರು ಬಿತ್ತು.

ಆ ಪಟ್ಟಿ ಇನ್ನೂ ಇದೆ. ಎರಡು ಗೋಪುರಗಳ ನಡುವೆ ಬಾವಿಯಂತೆ ಕೆಳಗಿಳಿಯುವ ಅದನ್ನು ನಾವು ಬೆಳಕುಗುಂಡಿ ಎನ್ನುತ್ತೇವೆ. ನನ್ನ ಕಿಟಕಿ ಅದರ ಕಡೆಗಿದೆ. ನಾನು ಕೆಲವೊಮ್ಮೆ ತಳಕ್ಕಿಳಿದು ಕೂರುತ್ತೇನೆ. ಯಾರಾದರೂ ಬರಬಹುದೆಂದು ಕಾಯುತ್ತೇನೆ, ಯಾರೂ ಬರುವುದಿಲ್ಲ. ಮೊನ್ನೆ ಅದನ್ನೂ ಮುಚ್ಚಿ ಸಾಮಾನು ಕೋಣೆ ಮಾಡುವ ಪ್ರಸ್ತಾಪ ಬಂತು. ಪರದೆಗಳ ಮೇಲೆ ಸಭೆ ನಡೆಯಿತು. ಬೇಡ ಎಂದವಳು ನಾನೊಬ್ಬಳೇ. ಅದರಿಂದ ನಿಮಗೇನು ಉಪಯೋಗ ಎಂದು ವಿನಯದಿಂದಲೇ ಕೇಳಿದರು. ಬಯಲನ್ನೇ ಕಾಣದವಳು ಬಯಲಿನ ಪರವಾಗಿ ಏನು ವಾದಿಸಲಿ? ಗೊತ್ತಿದ್ದವರು ನೀವು. ಅದಕ್ಕೇ ನಿಮ್ಮ ಹತ್ತಿರ ಬಂದೆ.

ಭಾನುವಾರ ಅಂದಾನೆಪ್ಪನವರು ಎಷ್ಟು ಬೇಕು ಎಂದು ಕೇಳಿದಾಗ ಅಳೆಯಲು ಏಳಬೇಡಿ. ಅಳತೆಗೆ ಕೂತಿರೋ, ಸೋತಿರಿ. ಸೂರಿಗೂ ನಳಕ್ಕೂ ಬೇರೆ ದಾರಿ ಹುಡುಕಿ, ಜಗಳವಾಡಿ, ಕಚೇರಿಗಳ ಬಾಗಿಲು ಬಡಿಯಿರಿ. ತಡವಾಗುತ್ತದೆ, ಶಾಕವ್ವ ಇನ್ನಷ್ಟು ದಿನ ಕೊಡ ಹೊರಬೇಕಾಗುತ್ತದೆ. ಅವಳಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಬಯಲನ್ನು ಮಾತ್ರ ಇಡಿಯಾಗಿ ಉಳಿಸಿಕೊಳ್ಳಿ.

ನೀವು ಒಪ್ಪದಿದ್ದರೆ ಗೋಪುರ ಏಳುವುದಿಲ್ಲ. ಗೋಪುರವಿಲ್ಲದಿದ್ದರೆ ಅದರ ಲಿಫ್ಟಿನಲ್ಲಿ ನನ್ನ ಅಮ್ಮ ಅಪ್ಪನನ್ನು ಕಾಣುವುದಿಲ್ಲ. ನಾನು ಹುಟ್ಟದೆ ಹೋಗಬಹುದು. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಹೆದರಿಕೆಯಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಇಲ್ಲಿ ನಾನು ಇಲ್ಲವಾದರೆ ಬಿಸಿಲುಪಾಳಿಯ ಒಂದು ಗೂಡು ಖಾಲಿಯಾಗುತ್ತದೆ, ಅಷ್ಟೆ.

ಒಂದು ವೇಳೆ ಹೇಗೋ ನಿಮ್ಮ ಕಡೆಯೇ, ಆ ಬಯಲಿನ ಅಂಚಿನ ಯಾವುದಾದರೂ ಮನೆಯಲ್ಲಿ ನಾನು ಹುಟ್ಟಿದರೆ ನಿಮಗೆ ಗುರುತು ಸಿಗುವುದಿಲ್ಲ, ನನಗೂ ಇದೆಲ್ಲ ನೆನಪಿರುವುದಿಲ್ಲ. ಅದರ ಚಿಂತೆ ಬೇಡ. ನಿಮ್ಮ ಮಕ್ಕಳಿಗೆ, ಅವರ ಮಕ್ಕಳಿಗೆ ಇಷ್ಟು ಹೇಳಿಟ್ಟು ಹೋಗಿ: ಎಂದಾದರೂ ಒಂದು ಮುಂಜಾನೆ ಒಬ್ಬ ಹೆಂಗಸು ಬಯಲಿಗೆ ಬಾರದೆ ಹೋದರೆ, ಯಾರಾದರೊಬ್ಬರು ಅವಳ ಬಾಗಿಲಿಗೆ ಹೋಗಿ ಇವತ್ತು ಯಾಕೆ ಬರಲಿಲ್ಲ ಎಂದು ಕೇಳಲಿ.

ನಿಮ್ಮ,
ಐಹಿಕಾ