ಗಾಲಿ ಡಾಕ್ಟ್ರ ಕಿವಿ

೭.೩.೨೦೦೨, ಗುರುವಾರ

ಪ್ರೀತಿಯ ಪಿಟೀಲು,

ನಿನ್ನ ಅತ್ತಿಗೆಯ ಆಶೀರ್ವಾದಗಳು. ನಿನ್ನನ್ನು ಈ ಹೆಸರಿನಿಂದ ಕರೆಯುವ ಹಕ್ಕು ಇದ್ದದ್ದು ನಿನ್ನ ಅಣ್ಣನಿಗೆ ಮಾತ್ರ, ಗೊತ್ತು. ತೊಟ್ಟಿಲಲ್ಲಿ ನೀನು ಎಳೆದೆಳೆದು ಅಳುತ್ತಿದ್ದ ಸಣ್ಣ ದನಿ ಕೇಳಿ ಅವರೇ ಇಟ್ಟ ಹೆಸರಂತೆ. ಅವರು ಹೋಗಿ ಮೂರು ತಿಂಗಳಾಯಿತು. ಯಾರೂ ಕರೆಯದೆ ಬಿಟ್ಟರೆ ಹೆಸರೂ ಹೋಗಿಬಿಡುತ್ತದಲ್ಲ ಎಂದು ನಾನು ಎತ್ತಿಕೊಂಡೆ. ಅದಕ್ಕೆ ಕೋಪ ಮಾಡಿಕೊಳ್ಳಬೇಡ. ಕೋಪಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ.

ಕಾಗದ ಬರೆಯಲು ತಡವಾಯಿತು. ಮೊದಲು ಕಣ್ಣಿನ ನೆಪ, ಆಮೇಲೆ ಪೆನ್ನಿನ ನೆಪ. ನಿಜ ಹೇಳಬೇಕೆಂದರೆ ಧೈರ್ಯ ಸಾಲಲಿಲ್ಲ. ಅಣ್ಣ ಹೋದ ಸುದ್ದಿಯನ್ನು ನಮ್ಮ ಮಗಳು ಫೋನಿನಲ್ಲಿ ತಿಳಿಸಿದಾಗ ನೀನು, "ನಮ್ಮ ಮೇಷ್ಟ್ರು ಆಸ್ಪತ್ರೇಲಿದ್ದಾಗ ಅವನು ಬಂದಿದ್ನಾ, ಈಗ ನಾನು ಬರೋಕೆ?" ಎಂದೆಯಂತೆ. ಅದನ್ನು ನನಗೆ ಹೇಳಲು ಮಗಳು ಎರಡು ದಿನ ಹಿಂದೆ ಮುಂದೆ ನೋಡಿದಳು. ನೀನು ಕೇಳಿದ್ದರಲ್ಲಿ ತಪ್ಪಿಲ್ಲ. ಗಂಡನಿಗೆ ದೊಡ್ಡ ಆಪರೇಷನ್, ಒಬ್ಬಳೇ ಇದ್ದೀನಿ ಬಾ ಎಂದು ನೀನು ಫೋನಿನಲ್ಲಿ ಕರೆದೆ. ಅಣ್ಣ "ಆಗಲಿ, ಆಗಲಿ" ಎಂದರು. ನೀನು ಎರಡು ದಿನ ಬೆಳಗಿನ ರೈಲಿಗೆ ಸ್ಟೇಷನ್ನಿಗೆ ಹೋಗಿ ನಿಂತೆ. ಅವರು ಬರಲಿಲ್ಲ. ಅಲ್ಲಿಂದ ಈಚೆಗೆ ಎರಡೂವರೆ ವರ್ಷ ನೀನು ಒಂದು ಭಾನುವಾರವೂ ಫೋನ್ ಮಾಡಲಿಲ್ಲ. ಮೇಷ್ಟ್ರು ಎದ್ದು ಓಡಾಡುತ್ತಿದ್ದಾರೆ ಎಂದು ಮಗಳಿಂದ ಕೇಳಿದಾಗ ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಇನ್ನರ್ಧಕ್ಕಾಗಿ ಈ ಕಾಗದ.

ನಿನಗೆ ಗೊತ್ತಿರುವ ಅಣ್ಣ ಬೇರೆ, ನಾನು ನಲವತ್ತಾರು ವರ್ಷ ಸಂಸಾರ ಮಾಡಿದವರು ಬೇರೆ ಅಲ್ಲ. ಆದರೂ ಸ್ವಲ್ಪ ಹೇಳಲೇಬೇಕು.

ರೈಲು ನಿಂತಾಗ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಯನ್ನು ಬಡಿಯುತ್ತಾ ಹೋಗುತ್ತಿದ್ದರಲ್ಲ, ಅದು ನೋಡುವವರಿಗೆ ತಮಾಷೆ. ಗಟ್ಟಿ ಗಾಲಿ ಠಣ್ ಎಂದು ಉದ್ದಕ್ಕೆ ಹಾಡುತ್ತದೆ, ಬಿರುಕು ಬಿಟ್ಟದ್ದು ಠಪ್ ಎಂದು ಸುಮ್ಮನಾಗುತ್ತದೆ. ಯಾರ್ಡಿನವರೆಲ್ಲ ಅವರನ್ನು ಗಾಲಿ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನ್ನ ನೆತ್ತಿಯನ್ನೂ ಬೆರಳಿನಿಂದ ತಟ್ಟಿ, "ಬಿರುಕೇನಿಲ್ಲ, ದೂರ ಓಡೋ ಗಾಡಿ" ಎಂದಿದ್ದರು. ಪಾತ್ರೆ ಕೊಳ್ಳಲು ಹೋದರೆ ಅಂಗಡಿಯಲ್ಲಿದ್ದ ಅಷ್ಟೂ ಪಾತ್ರೆ ಬಡಿದು ನೋಡಬೇಕು. ಅಂಗಡಿಯವನು ಒಂದು ದಿನ ತಾಳ್ಮೆಗೆಟ್ಟು, "ಯಜಮಾನ್ರೇ, ಕೊಳ್ಳೋಕೆ ಬಂದ್ರಾ, ಬಾರಿಸೋಕೆ ಬಂದ್ರಾ?" ಎಂದ. ನಾನು ನಾಚಿಕೆಯಿಂದ ಬೀದಿಗೆ ಬಂದು ನಿಂತೆ. ಅವರು ಆರಿಸಿದ ಆ ಪಾತ್ರೆಯಲ್ಲೇ ಇವತ್ತೂ ಹಾಲು ಕಾಯಿಸುತ್ತಿದ್ದೇನೆ.

ಎಕ್ಸ್‌ಪ್ರೆಸ್ ಗಾಡಿಯನ್ನು ನಲವತ್ತು ನಿಮಿಷ ನಿಲ್ಲಿಸಿದ ಕಥೆಯನ್ನು ನೀನು ನೂರು ಸಲ ಕೇಳಿದ್ದೀಯ. ನೂರಾ ಒಂದನೆಯದು ನನ್ನಿಂದ ಕೇಳು. ಸ್ಟೇಷನ್ ಮಾಸ್ಟರ್ ಕೆಂಡಾಮಂಡಲವಾಗಿ, "ಎಲ್ರೀ ಬಿರುಕು? ನನ್ನ ಕಣ್ಣಿಗೆ ಕಾಣ್ತಿಲ್ವಲ್ಲ!" ಎಂದರಂತೆ. ಇವರು, "ಕಣ್ಣಿಗೆ ಕಾಣೋ ಹೊತ್ತಿಗೆ ಗಾಡಿ ಹಳ್ಳದಲ್ಲಿರುತ್ತೆ ಸಾರ್" ಎಂದು ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿದರಂತೆ. ಕೂದಲೆಳೆಯಂಥ ಗೆರೆ ಕಂಡಿತು. ಆ ದಿನ ಮನೆಗೆ ಬಂದು ಎರಡು ಲೋಟ ಕಾಫಿ ಕುಡಿದರು. "ಅಷ್ಟು ಜನ ಇದ್ರು ಕಣೇ ಒಳಗೆ. ಒಂದು ಮಗು ಕಿಟಕಿಯಿಂದ ನಂಗೆ ಟಾಟಾ ಮಾಡ್ತು" ಎಂದರು.

ಇನ್ನು ಮೊಣಕಾಲಿನ ವಿಷಯ. ನಿವೃತ್ತಿಗೆ ಎರಡು ವರ್ಷ ಇರುವಾಗ ಮೊಣಕಾಲು ನೋವೆಂದು ಅರ್ಜಿ ಕೊಟ್ಟು ಸಾಮಾನು ಕೋಣೆಗೆ ವರ್ಗ ಮಾಡಿಸಿಕೊಂಡರಲ್ಲ? ನೀನೇ ಬಂದಾಗ ಒಮ್ಮೆ ಹಿಡಿದುಹಾಕಿದ್ದೆ: "ಅಣ್ಣಾ, ಹೋದ್ಸಲ ಎಡಗಾಲು ಕುಂಟ್ತಿತ್ತು!" ಅವರು ನಿನ್ನ ತುಟಿಗಳನ್ನೇ ನೋಡುತ್ತಿದ್ದು, ಒಂದು ಗಳಿಗೆ ತಡೆದು, "ಅದಕ್ಕೀಗ ರಜಾ, ಇದಕ್ಕೆ ಡ್ಯೂಟಿ" ಎಂದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಅವರ ಮೊಣಕಾಲಿಗೆ ಏನೂ ಆಗಿರಲಿಲ್ಲ, ಪಿಟೀಲು. ಹೋಗಿದ್ದು ಕಿವಿ. ಮೂವತ್ತೈದು ವರ್ಷ ಇಂಜಿನ್ನಿನ ಪಕ್ಕದಲ್ಲಿ ಕಬ್ಬಿಣ ಬಡಿದ ಕಿವಿ ಮೆಲ್ಲಗೆ ಮುಚ್ಚಿಕೊಂಡಿತು. ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಂದು ಬಾಗಿಲು ಹಾಕಿಕೊಂಡು, "ಇವತ್ತು ಒಂದು ಗಾಲಿ ಠಣ್ ಅಂತೋ ಠಪ್ ಅಂತೋ ಗೊತ್ತಾಗ್ಲಿಲ್ಲ. ಇನ್ನು ನಾನು ಸುತ್ತಿಗೆ ಮುಟ್ಟಬಾರ್ದು" ಎಂದು ಮಗುವಿನ ಹಾಗೆ ಅತ್ತರು. ಮರುದಿನದಿಂದಲೇ ಕುಂಟತೊಡಗಿದರು. ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳುವವರನ್ನು ನೋಡಿದ್ದೆ, ಪ್ರಾಣದಂಥ ಕೆಲಸ ಬಿಡಲು ಸುಳ್ಳು ಹೇಳಿದವರನ್ನು ಅವರೊಬ್ಬರನ್ನೇ ನೋಡಿದ್ದು.

ಗಾಲಿ ಡಾಕ್ಟ್ರಿಗೆ ಕಿವುಡು ಎಂದರೆ ಜನ ನಗುತ್ತಾರೆ ಎಂಬ ನಾಚಿಕೆ. ಯಾರಿಗೂ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. "ಪಿಟೀಲಿಗಂತೂ ಹೇಳ್ಲೇಬೇಡ. ಗೊತ್ತಾದ್ರೆ ಭಾನುವಾರ ಫೋನ್ ಮಾಡೋದು ನಿಲ್ಲಿಸಿಬಿಡ್ತಾಳೆ" ಎಂದರು.

ವರ್ಷ ಕಳೆದಂತೆ ತುಟಿ ನೋಡಿ ತಿಳಿಯುವುದೂ ಕಷ್ಟವಾಯಿತು. ಮನೆಯಲ್ಲಿ ನಮ್ಮದೇ ಭಾಷೆ ಮಾಡಿಕೊಂಡೆವು. ಅವರು ಮೇಜಿನ ಮೇಲೆ ಅಂಗೈ ಊರಿ ಕೂರುತ್ತಿದ್ದರು. ನಾನು ಒಂದು ಸಲ ತಟ್ಟಿದರೆ ಊಟಕ್ಕೆ ಬನ್ನಿ, ಎರಡು ಸಲವಾದರೆ ಬಾಗಿಲಲ್ಲಿ ಯಾರೋ ಇದ್ದಾರೆ. ಮೂರು ಸಲ ತಟ್ಟಿದರೆ ಏನೂ ಇಲ್ಲ, ಇಲ್ಲೇ ಇದ್ದೀನಿ ಅಂತ. ಉದ್ದ ಸುದ್ದಿಯಾದರೆ ಮಗಳ ಹಳೆಯ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ.

ಒಮ್ಮೆ ಮಾತ್ರ ಗುಟ್ಟು ರಟ್ಟಾಗುವುದರಲ್ಲಿತ್ತು. ಹಳೆಯ ಸ್ನೇಹಿತರನ್ನು ನೋಡಲು ಯಾರ್ಡಿಗೆ ಹೋದವರನ್ನು ಇಂಜಿನ್ ಡ್ರೈವರ್ ಕೈಹಿಡಿದು ಮನೆಗೆ ಕರೆತಂದ. ಬೆವತು ಹೋಗಿದ್ದ. "ಅಕ್ಕಾ, ಹಾರ್ನ್ ಹೊಡೆದೂ ಹೊಡೆದೂ ಸಾಕಾಯ್ತು. ಹಳಿ ಮಧ್ಯದಲ್ಲೇ ಹೋಗ್ತಿದ್ರು, ತಿರುಗಿ ನೋಡ್ಲಿಲ್ಲ. ಹತ್ತು ಹೆಜ್ಜೆ ಇರೋವಾಗ ನಿಲ್ತು ಗಾಡಿ" ಎಂದ. ನಿನ್ನ ಅಣ್ಣ ಅವನ ಹಿಂದೆ ನಿಂತು, ನನ್ನನ್ನು ನೋಡಿ ನಗಲು ಪ್ರಯತ್ನಿಸುತ್ತಿದ್ದರು. ಆಮೇಲೆ ಅವರು ಬೀದಿಗೆ ಹೋದರೂ ನನ್ನ ಜೀವ ಕೈಯಲ್ಲಿರುತ್ತಿತ್ತು.

ಹಾಗಾಗಿ ನೀನು ಬಾ ಎಂದು ಕರೆದದ್ದು ಅವರಿಗೆ ಕೇಳಿಸಲೇ ಇಲ್ಲ. ಆಮೇಲೆ ನಿನಗೆ ಎರಡು ಕಾಗದ ಬರೆದರು. ಏನೂ ಆಗದವರ ಹಾಗೆ ಕ್ಷೇಮ ಕೇಳಿದ ಆ ಕಾಗದಗಳು ನಿನ್ನ ಹೊಟ್ಟೆ ಉರಿಸಿರಬೇಕು. ಅವರು ಬರೆದದ್ದು ಏನೂ ಗೊತ್ತಿಲ್ಲದೆ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ಫೋನಿನ ಮೇಲೆ ಅಂಗೈ ಇಟ್ಟು ಕೂರುತ್ತಿದ್ದರು, ಗಂಟೆ ಹೊಡೆದರೆ ಅದು ನಡುಗುವುದು ಗೊತ್ತಾಗಲಿ ಎಂದು. ಐದಾದ ಮೇಲೆ ಎದ್ದು, "ಪಾಪ, ಪುರುಸೊತ್ತಿಲ್ಲ ಅವಳಿಗೆ" ಎನ್ನುತ್ತಿದ್ದರು.

ಹೋದ ದಿನ ಮಧ್ಯಾಹ್ನ ಕಣ್ಣು ಮುಚ್ಚೇ ಇತ್ತು. ನಾನು ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಮೂರು ಸಲ ತಟ್ಟಿದೆ. ಸ್ವಲ್ಪ ಹೊತ್ತು ಬಿಟ್ಟು ಅವರ ಬೆರಳು ಎರಡು ಸಲ ತಟ್ಟಿತು. ಮೂರನೆಯದಕ್ಕೆ ಕಾಯುತ್ತಾ ಕೂತೆ.

ಅವರ ಸುತ್ತಿಗೆ ನನ್ನ ಹತ್ತಿರ ಇದೆ. ಹಿಡಿಯ ಮರ ಅವರ ಹೆಬ್ಬೆರಳಿನ ಜಾಗದಲ್ಲಿ ಸವೆದು ತಗ್ಗಾಗಿದೆ. ಅದು ನಿನಗೆ ಸೇರಬೇಕು. ಮೇಷ್ಟ್ರನ್ನು ಜೋಪಾನವಾಗಿ ನೋಡಿಕೋ, ಮೆಟ್ಟಿಲು ಹತ್ತಲು ಬಿಡಬೇಡ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ, ನೂರು ಕಾಲ ಜೊತೆಯಾಗಿರಿ.

ಇಂತು ನಿನ್ನ
ಅತ್ತಿಗೆ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತೂ ತಪ್ಪಿಸಿಕೊಂಡು ಬಂದದ್ದು. ಕೇಳಿಸದವರು ಏಳೆಂಟು ವರ್ಷ ನಿನ್ನ ಜೊತೆ ಫೋನಿನಲ್ಲಿ ಹೇಗೆ ಮಾತಾಡಿದರು ಎಂದು ನಿನಗೆ ಅನುಮಾನ ಬಂದಿರಬೇಕು. ನಾನು ಪಕ್ಕದಲ್ಲೇ ಕೂತು ಕಿವಿಯನ್ನು ರಿಸೀವರಿಗೆ ಅಂಟಿಸಿಕೊಳ್ಳುತ್ತಿದ್ದೆ. ಅವರ ತೊಡೆಯ ಮೇಲೆ ಒಂದು ಸಲ ತಟ್ಟಿದರೆ "ಹೌದಾ" ಅನ್ನಬೇಕು, ಎರಡು ಸಲ ತಟ್ಟಿದರೆ "ಆಗಲಿ, ಆಗಲಿ." ಚಿವುಟಿದರೆ ನಗಬೇಕು. ಫೋನ್ ಇಟ್ಟ ಮೇಲೆ ನೀನು ಹೇಳಿದ್ದನ್ನೆಲ್ಲ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದೆ.

ನೀನು ಅಳುತ್ತಾ ಬಾ ಎಂದದ್ದು, ಆ ಡ್ರೈವರ್ ಅವರನ್ನು ಕರೆತಂದು ಹನ್ನೊಂದು ದಿನಕ್ಕೆ. ನನಗೂ ಆಗ ಒಂದು ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು, ಜೊತೆಗೆ ಬರುವಂತಿರಲಿಲ್ಲ. ಗೊತ್ತಾದರೆ ಅವರು ನಿಂತ ಕಾಲಲ್ಲಿ ಒಬ್ಬರೇ ಹೊರಡುತ್ತಿದ್ದರು, ದಾರಿಯಲ್ಲಿ ಗಾಡಿ ಬದಲಿಸಲು ಆರು ಹಳಿ ದಾಟಬೇಕು. ಎರಡು ಸಲ ತಟ್ಟಿದ್ದು ನಾನು. "ಏನಂದ್ಲು ನಮ್ಮ ಪಿಟೀಲು?" ಎಂದು ಸ್ಲೇಟು ಮುಂದೆ ಹಿಡಿದರು. ಒಂದೇ ಕಣ್ಣಿನಲ್ಲಿ, ಸೊಟ್ಟಂಪಟ್ಟ ಬರೆದೆ: "ಎಲ್ಲರೂ ಚೆನ್ನಾಗಿದ್ದಾರಂತೆ."

ಅವರು ನನಗೆ ಇನ್ನೂ ಎರಡು ವರ್ಷ ಸಿಕ್ಕಿದರು. ಅದು ನಿನ್ನಿಂದ ಕಿತ್ತುಕೊಂಡದ್ದು.

ಈ ಭಾನುವಾರ ನಾಲ್ಕು ಗಂಟೆಗೆ ಫೋನಿನ ಹತ್ತಿರ ಕೂತಿರುತ್ತೇನೆ. ಬಾಯಿಗೆ ಬಂದಂತೆ ಬೈ. ನನ್ನ ಕಿವಿ ಚೆನ್ನಾಗಿದೆ, ಪೂರ್ತಿ ಕೇಳಿಸಿಕೊಳ್ಳುತ್ತೇನೆ.