ಬಾಗಿಲು ದಾಟಿ ಬರುವ ಮೃಗ

ಫೆಬ್ರವರಿ ಮೂವತ್ತೊಂದು, ೨೪೧೯
ಹಳೆಯ ಚಿನ್ನದ ಗಣಿ, ಕೆಳಗಿನ ಊರು

ವಿಡಿಯೋ ಆಟ ಕಟ್ಟುವ ಹಿರಿಯರಿಗೆ ಮುನಿಯಕ್ಕನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರ್ ಕಳೆದುಹೋದ ಮೇಲೆ ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟು ಜಗಳ ಮುಗಿಸಿದ್ದೇವೆ. ಮಾತು ಒರಟೆನಿಸಿದರೆ ಕ್ಷಮಿಸಿ. ನಯ ಕಲಿಯುವ ವಯಸ್ಸಿನಲ್ಲಿ ನಾನು ಈಟಿ ಹಿಡಿದಿದ್ದೆ.

ನಾವು ಗಣಿಯೊಳಗೆ ಬದುಕುವವರು. ಬಟ್ಟೆ, ಔಷಧಿ ಬೇಕೆಂದರೆ ಮೇಲಿನ ಪಾಳು ಪಟ್ಟಣಕ್ಕೆ ಹೋಗಬೇಕು. ಹಾಗೆ ಹೋಗುವವರನ್ನು ಮೇಲಾಳು ಎನ್ನುತ್ತೇವೆ. ಅಲ್ಲಿ ಕರುವಿನಷ್ಟು ಎತ್ತರದ ನಾಯಿಗಳ ಹಿಂಡುಗಳಿವೆ. ಬಿಸಿಲನ್ನೇ ಕಾಣದ ಮಕ್ಕಳಿಗೆ ಬೀದಿ, ಮಹಡಿ, ಕಾಡು ಎಂದರೇನೆಂದು ಕಲಿಸಲು ನಮಗಿರುವುದು ನಿಮ್ಮ ಕಾಲದ ಎರಡು ಮಾಂತ್ರಿಕ ಲೋಕದ ಆಟಗಳು. ಎರಡರಲ್ಲೂ ನಮ್ಮ ಕಣ್ಣಿಗೆ ಕಂಡಷ್ಟೇ ಲೋಕ. ಕತ್ತಿ ಹಿಡಿದ ಕೈ ಬಿಟ್ಟರೆ ನಮ್ಮ ಮೈಯೂ ಕಾಣದು. ಒಬ್ಬರು ಪೆಡಲ್ ತುಳಿದು ಕರೆಂಟು ಕೊಟ್ಟರೆ ಇನ್ನೊಬ್ಬರು ಆಡುತ್ತಾರೆ.

ಒಂದನ್ನು ಬೆಟ್ಟದಾಟ, ಇನ್ನೊಂದನ್ನು ಬಿಲದಾಟ ಎನ್ನುತ್ತೇವೆ. ಬೆಟ್ಟದಾಟ ದೊಡ್ಡದು. ದೂರದಲ್ಲಿ ಕಂಡ ಶಿಖರವನ್ನು ನಿಜಕ್ಕೂ ಹತ್ತಬಹುದು. ಸುತ್ತಾಡುವ ಸುಖಕ್ಕೆ ಅದನ್ನು ಬಿಟ್ಟರಿಲ್ಲ, ಒಪ್ಪುತ್ತೇನೆ. ಬಿಲದಾಟ ಇಕ್ಕಟ್ಟು, ಬರೀ ಕತ್ತಲೆ. ನಕ್ಷೆಯನ್ನೂ ನಾವೇ ಇದ್ದಿಲಿನಲ್ಲಿ ಗೋಡೆಗೆ ಬರೆದುಕೊಳ್ಳಬೇಕು. ಆದರೆ ಬೆಟ್ಟದಾಟದಲ್ಲಿ ಬಾಗಿಲು ದಾಟಿದೊಡನೆ ಪರದೆ ಕಪ್ಪಾಗುತ್ತದೆ, ಬೆನ್ನಟ್ಟಿದ ಮೃಗ ಹೊರಗೇ ಉಳಿಯುತ್ತದೆ. ಬಿಲದಾಟದಲ್ಲಿ ಅದು ಬಾಗಿಲು ಒಡೆದು ಹಿಂದೆಯೇ ಬರುತ್ತದೆ.

ನನ್ನ ತಮ್ಮ ಪಿಳ್ಳಪ್ಪ ಬೆಟ್ಟದಾಟದಲ್ಲಿ ಪಳಗಿದವನು. ಒಮ್ಮೆ ಮೇಲಿನ ಪಟ್ಟಣದಲ್ಲಿ ನಾಯಿ ಹಿಂಡು ಬೆನ್ನಟ್ಟಿದಾಗ ಇಬ್ಬರೂ ಔಷಧಿ ಅಂಗಡಿಯೊಂದಕ್ಕೆ ನುಗ್ಗಿದೆವು. ಅವನು ಬಾಗಿಲು ಮುಚ್ಚಿ, ಅಗುಳಿ ಕೂಡ ಹಾಕದೆ, ಈಟಿ ಒರಗಿಸಿ ನಿರಾಳವಾಗಿ ಕಪಾಟು ತೆರೆದ. ಬಾಗಿಲು ನೂಕಿ ಬಂದ ನಾಯಿ ಕತ್ತು ಹಿಡಿದಾಗ ಅವನ ಮುಖದಲ್ಲಿ ಬರೀ ಆಶ್ಚರ್ಯವಿತ್ತು. ಕಲ್ಲಿನಿಂದ ಅದರ ತಲೆ ಜಜ್ಜಿದೆ; ಮಿದುಳು ನನ್ನ ಬಾಯಿಗೇ ಸಿಡಿಯಿತು. ಅದಕ್ಕೂ ಮೊದಲು ದವಡೆ ಬಿಡಿಸಲು ಹೋಗಿ ಎರಡು ಬೆರಳು ಕಳೆದುಕೊಂಡಿದ್ದೆ. ತಮ್ಮ ಉಳಿಯಲಿಲ್ಲ.

ಇಷ್ಟಾದರೂ ನಮ್ಮ ಊರಿನ ಯಜಮಾನರು ಬೆಟ್ಟದಾಟವನ್ನೇ ಕಲಿಸುತ್ತಾರೆ. "ಮಕ್ಳಿಗೆ ಹೊರಗಿನ ಆಸೆ ಹುಟ್ಬೇಕಲ್ಲಮ್ಮ" ಎನ್ನುತ್ತಾರೆ. ಅವರ ಆಸೆಗೆ ಬೆಂಕಿ ಬೀಳಲಿ. ಪಿಳ್ಳಪ್ಪನ ಮಗಳು ಪಾಪಕ್ಕ ಇವತ್ತು ಮೊದಲ ಸಲ ಮೇಲಾಳಾಗಿ ಹೋಗಿದ್ದಾಳೆ. ಬಾಗಿಲು ಮುಚ್ಚಿ ಬೆನ್ನು ತಿರುಗಿಸುವುದು ಥೇಟ್ ಅಪ್ಪನ ಹಾಗೆ. ಹೇಳಿ ಹೇಳಿ ಸಾಕಾಗಿತ್ತು. ನಿನ್ನೆ ಅವಳು ಕೋಣೆ ಹೊಕ್ಕು ಬಾಗಿಲು ಮುಚ್ಚಿದೊಡನೆ ಅದನ್ನು ಒದ್ದು ತೆರೆದು, ಬೆನ್ನಿಗೆ ದೊಣ್ಣೆಯಿಂದ ಬಾರಿಸಿದೆ. ಬಿದ್ದು ತುಟಿ ಒಡೆದುಕೊಂಡಳು. "ಅತ್ತೇ, ನಿಂಗೇನು ದೆವ್ವ ಹಿಡ್ಕಂಡೈತಾ?" ಎಂದು ಅಳುತ್ತ ಮತ್ತೆ ಬಾಗಿಲು ಮುಚ್ಚಿದಳು. ಮತ್ತೆ ಒದ್ದೆ. ನನಗೂ ಅಳು ಬಂತು, ಆದರೂ ಕೈ ನಿಲ್ಲಿಸಲಿಲ್ಲ.

ಹಿರಿಯರೇ, ಬೆಟ್ಟ ಎಷ್ಟು ಬೇಕಾದರೂ ಕಟ್ಟಿ. ಮೃಗವನ್ನು ಮಾತ್ರ ಬಾಗಿಲ ಹೊರಗೆ ನಿಲ್ಲಿಸಬೇಡಿ. ನೀವು ಮಾಡಬೇಕಾದ ಕೆಲಸವನ್ನು ನಾನು ದೊಣ್ಣೆಯಿಂದ ಮಾಡಬೇಕಾಯಿತು.

ಬೆಳಿಗ್ಗೆ ಪಾಪಕ್ಕ ಊದಿದ ತುಟಿಯಲ್ಲಿ, ನನ್ನ ಮುಖ ಕೂಡ ನೋಡದೆ ಹೊರಟಳು. ಹೊರಗಿನಿಂದ ಬಾಗಿಲು ಮುಚ್ಚಿದಳು. ಹೆಜ್ಜೆ ಸಪ್ಪಳ ಕೇಳಲಿಲ್ಲ. ಮೆಲ್ಲಗೆ ತಳ್ಳಿ ನೋಡಿದೆ, ಬಾಗಿಲು ಅಲುಗಲಿಲ್ಲ. ಆಚೆಯಿಂದ ಅವಳು, ಬೆನ್ನು ತಿರುಗಿಸದೆ, ಭುಜ ಕೊಟ್ಟು ಒತ್ತಿ ಹಿಡಿದಿದ್ದಳು.